ಸೋಲಿನ ಕಾರಣ: ಕರಣ ಘೇಲೊ ಮತ್ತು ಕುಮಾರರಾಮ

ಮಧ್ಯಯುಗದ ವೀರಗಾಥೆಗಳ ಅಧ್ಯಯನದಲ್ಲಿ ಅವು ದಿಟವೋ ಕಲ್ಪನೆಯೋ ಎಂಬ ಪ್ರಶ್ನೆಯೊಂದೇ ಸಾಲದು. ಒಂದು ನಾಡು ತನ್ನ ಸೋಲಿಗೆ ಯಾವ ಕಾರಣವನ್ನು ಕಂಡುಕೊಂಡಿತೆಂಬುದೂ ವಿಚಾರಣೀಯ. ಗುಜರಾತಿನ ಕೊನೆಯ ವಾಘೇಲಾ ಅರಸ ಕರ್ಣನ ಕಥೆ ಇದಕ್ಕೆ ನಿದರ್ಶನ.

1299ರಲ್ಲಿ ಅಲಾವುದ್ದೀನ್ ಖಿಲ್ಜಿಯ ಸೇನೆ ಗುಜರಾತಿನ ಮೇಲೆ ದಂಡೆತ್ತಿತು. ಹದಿನಾಲ್ಕನೆಯ ಶತಮಾನದ ಜೈನಯತಿ ಜಿನಪ್ರಭಸೂರಿ ಇದಕ್ಕೆ ಮಂತ್ರಿ ಮಾಧವನ ಪ್ರೇರಣೆಯನ್ನು ಹೇಳುತ್ತಾನೆಯೇ ಹೊರತು ಹೆಣ್ಣಿನ ಮಾತೆತ್ತುವುದಿಲ್ಲ. ಪದ್ಮನಾಭನ 'ಕಾನ್ಹಡದೇ ಪ್ರಬಂಧ'ದಲ್ಲಿ (1455) ಕರ್ಣನು ಮಾಧವನ ತಮ್ಮ ಕೇಶವನನ್ನು ಕೊಲ್ಲಿಸಿ ಅವನ ಪತ್ನಿಯನ್ನು ಅಪಹರಿಸುತ್ತಾನೆ. ಅಹಮದಾಬಾದಿನಲ್ಲಿ 1848ರಲ್ಲಿ ಗುಜರಾತ್ ವರ್ನಾಕ್ಯುಲರ್ ಸೊಸೈಟಿಯನ್ನು ಸ್ಥಾಪಿಸಿದ ಫೋರ್ಬ್ಸ್, ಕವಿ ದಲಪತರಾಮರ ನೆರವಿನಿಂದ ಇಂಥ ಐತಿಹ್ಯಗಳನ್ನು ಕಲೆಹಾಕಿ 'ರಾಸಮಾಲಾ'ವನ್ನು (1856) ಹೊರತಂದರು. ಸೂರತ್ತಿನ ನಂದಶಂಕರ ಮೆಹತಾ ಅವರ 'ಕರಣ ಘೇಲೊ' (1866) ಗುಜರಾತಿಯ ಮೊದಲ ಸ್ವತಂತ್ರ ಕಾದಂಬರಿಯೆಂದು ಹೆಸರಾಯಿತು. 'ಘೇಲೊ' ಎಂದರೆ ಮರುಳ. ಇಲ್ಲಿ ಅಪಹೃತಳು ಮಾಧವನ ಪತ್ನಿ ರೂಪಸುಂದರಿಯೇ. ಹೀಗೆ ರಾಜ್ಯದ ಪತನವು ಅರಸನ ಕಾಮದ ಫಲವಾಯಿತು. ವಡೋದರಾ ಕಾಲೇಜಿನಲ್ಲಿ ಓದಿದ ಕ. ಮಾ. ಮುನ್ಶಿಯವರಾದರೋ 1916ರಿಂದ ಪ್ರಕಟವಾದ ಪಾಟಣದ ಕಾದಂಬರಿಗಳಲ್ಲಿ ಪತನವನ್ನು ಬಿಟ್ಟು ಸಿದ್ಧರಾಜನ ಕಾಲದ ಸೋಲಂಕಿ ವೈಭವವನ್ನು ಆರಿಸಿಕೊಂಡರು. ಕಾಲ ಬದಲಾದಂತೆ ಗತದ ಬೇಡಿಕೆಯೂ ಬದಲಾಯಿತು.

ಕನ್ನಡದಲ್ಲಿ ಇದಕ್ಕೆ ಎದುರಾಗಿ ನಿಲ್ಲುವವನು ಕುಮಾರರಾಮ. ಕಂಪಿಲಿ 1327ರಲ್ಲಿ ದೆಹಲಿಯ ಸೇನೆಗೆ ಸೋತಿತು. ಆದರೆ ಹದಿನಾರನೆಯ ಶತಮಾನದ ನಂಜುಂಡಕವಿಯ ಸಾಂಗತ್ಯದಲ್ಲಿ ರಾಮನು ಮಲತಾಯಿ ರತ್ನಾಜಿಯ ಮೋಹವನ್ನು ನಿರಾಕರಿಸಿದ ಪರನಾರೀಸೋದರ. ಅಲ್ಲಿ ಅರಸನ ದೋಷದಿಂದ ನಾಡು ಅಳಿಯುತ್ತದೆ. ಇಲ್ಲಿ ನಾಡು ಅಳಿದರೂ ನಾಯಕನಿಗೆ ಕಳಂಕವಿಲ್ಲ. ಎರಡರಲ್ಲೂ ಸೇನಾಬಲ, ರಾಜಕಾರಣಗಳು ಹಿಂದೆ ಸರಿದು ಸ್ತ್ರೀಯೊಬ್ಬಳು ಕಥೆಯ ಕೇಂದ್ರಕ್ಕೆ ಬರುತ್ತಾಳೆ. ಆ ಭಾರವನ್ನು ಅವಳ ಮೇಲೆ ಹೊರಿಸಿದವರು ಯಾರು ಎಂಬುದೇ ತೌಲನಿಕ ಅಧ್ಯಯನದ ಮೊದಲ ಪ್ರಶ್ನೆಯಾಗಬೇಕು.