ಮೊದಲು ಹಾಡು, ಆಮೇಲೆ ಚಿತ್ರ

1905ರಲ್ಲಿ ಪ್ಯಾರಿಸಿನ ಬ್ಯುತ್ ಶೋಮೋಂ ಸ್ಟುಡಿಯೋದಲ್ಲಿ ತೆಗೆದ ಒಂದು ಪುಟ್ಟ ಚಿತ್ರ ಉಳಿದುಬಂದಿದೆ. ಅದರಲ್ಲಿ ಶೂಟಿಂಗೇ ಕಥೆ. ವೇಷ ತೊಟ್ಟ ನರ್ತಕಿಯರು, ಕ್ಯಾಮೆರಾ, ಕಹಳೆ ಬಾಯಿಯ ಗ್ರಾಮಫೋನು. ಇವೆಲ್ಲದರ ನಡುವೆ ಕೆಲಸ ಮಾಡಿಸುತ್ತಿರುವ ಒಬ್ಬ ಹೆಣ್ಣುಮಗಳು. ಆಕೆ ಆಲಿಸ್ ಗೀ. ಗೋಮೋಂ ಕಂಪನಿಗೆ ಕಾರ್ಯದರ್ಶಿಯಾಗಿ ಸೇರಿ, 1896ರಲ್ಲಿ ತಮ್ಮ ಮೊದಲ ಚಿತ್ರ ತೆಗೆದು, ಅಲ್ಲಿನ ಚಿತ್ರಗಳ ಹೊಣೆಯನ್ನೇ ಹೊತ್ತವರು. ಅಂದು ಅವರು ತೆಗೆಯುತ್ತಿದ್ದುದು 'ಫೋನೊಸೆನ್'.

ಫೋನೊಸೆನ್ ಎಂದರೆ ಎರಡು ಮೂರು ನಿಮಿಷದ ಹಾಡಿನ ಚಿತ್ರ. ನಮ್ಮ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ಬಂದದ್ದು 1934ರಲ್ಲಿ. ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲೇ ಪ್ಯಾರಿಸಿನ ಪರದೆ ಹಾಡುತ್ತಿತ್ತು.

ಅಂದಿನ ಧ್ವನಿಮುದ್ರಣದ ಕಹಳೆಗೆ ಹಾಡುಗಾರ ಬಾಯಿಯಿಟ್ಟೇ ಹಾಡಬೇಕು. ಸ್ವಲ್ಪ ದೂರ ಸರಿದರೂ ಧ್ವನಿ ಸಿಗದು. ಹಾಗಿರುವಾಗ ಅಭಿನಯ ಎಲ್ಲಿಯದು? ಅದಕ್ಕೆಂದೇ ಹಾಡನ್ನು ಮೊದಲು ತಟ್ಟೆಗೆ ಇಳಿಸುತ್ತಿದ್ದರು. ಆಮೇಲೆ ಆ ತಟ್ಟೆ ಹಾಕಿದಾಗ, ಕ್ಯಾಮೆರಾ ಮುಂದೆ ಗಾಯಕ ಅದಕ್ಕೆ ಸರಿಯಾಗಿ ತುಟಿ ಆಡಿಸುತ್ತಿದ್ದ. ಇಂದು ಬೆಂಗಳೂರಿನಲ್ಲಿ ಹಾಡಿನ ಶೂಟಿಂಗ್ ನೋಡಿದವರಿಗೆ ಇದು ಹೊಸದೇನಲ್ಲ. ನಮ್ಮಲ್ಲಿ ಧ್ವನಿ ಒಬ್ಬರದು, ಮುಖ ಇನ್ನೊಬ್ಬರದು ಎಂಬುದಷ್ಟೇ ವ್ಯತ್ಯಾಸ. ಚಿತ್ರಮಂದಿರದಲ್ಲಿ ಪ್ರೊಜೆಕ್ಟರನ್ನೂ ಪರದೆ ಬಳಿಯ ಗ್ರಾಮಫೋನನ್ನೂ ವಿದ್ಯುತ್ ತಂತಿಯಿಂದ ಬೆಸೆದ ಯಂತ್ರದ ಹೆಸರು ಕ್ರೋನೊಫೋನ್. ಲಿಯೋಂ ಗೋಮೋಂ ಅದನ್ನು 1902ರಲ್ಲಿ ಪ್ರದರ್ಶಿಸಿದರು. ಧ್ವನಿ ಕ್ಷೀಣ. ದೊಡ್ಡ ಸಭಾಂಗಣಕ್ಕೆ ಸಾಲದಾದಾಗ ಒತ್ತಿದ ಗಾಳಿಯ ಬಲದಿಂದ ಅದನ್ನು ಹಿಗ್ಗಿಸಿದರು.

ಇಂಥ ನೂರಕ್ಕೂ ಹೆಚ್ಚು ಚಿತ್ರಗಳನ್ನು ಆಲಿಸ್ ಗೀ ತೆಗೆದರು. ಕೆಫೆ-ಕಾನ್ಸರ್ಟ್ ಎಂಬ ಹಾಡು-ಕುಡಿತದ ಮನೆಗಳ ಹಲವು ತಾರೆಯರು ಅವುಗಳಲ್ಲಿದ್ದಾರೆ. ದ್ರಾನೆಮ್, ಪೋಲಾಂ, ಮತ್ತೆ ನನಗೆ ಎಲ್ಲರಿಗಿಂತ ಪ್ರಿಯನಾದ ಫೆಲಿಕ್ಸ್ ಮಾಯೋಲ್. ತಲೆಯ ಮೇಲೆ ನಿಮಿರಿದ ಕೂದಲಿನ ಜುಟ್ಟು, ಕೋಟಿಗೆ ಸಿಕ್ಕಿಸಿದ ಬಿಳಿ ಹೂವಿನ ಕಡ್ಡಿ, ಹಾಡಿನ ಸಾಲುಸಾಲಿಗೂ ಕುಣಿಯುವ ಕೈಬೆರಳು. ಕ್ಯಾಮೆರಾ ಕದಲುವುದೇ ಇಲ್ಲ. ಆತ ನಮ್ಮನ್ನೂ ಕದಲಲು ಬಿಡುವುದಿಲ್ಲ.

ಆದರೆ ಮಾಯೋಲ್ ಹಾಡಿದ್ದು ಬೇರೆಯವರು ಕಟ್ಟಿದ ಹಾಡುಗಳನ್ನು. 'ಪೋಲ್ಕಾ ದೆ ತ್ರೊತ್ತಾಂ' ರಾಗ ಆಂರಿ ಕ್ರಿಸ್ತಿನೆ ಅವರದು. ಜಿನೀವಾದಲ್ಲಿ ಹುಟ್ಟಿದ ಈ ಸಂಗೀತಗಾರನ 'ಫಿ-ಫಿ' ಎಂಬ ಸಂಗೀತನಾಟಕ 1918ರ ನವೆಂಬರ್ 12ರಂದು, ಮಹಾಯುದ್ಧ ನಿಂತ ಮರುದಿನವೇ, ಪ್ಯಾರಿಸಿನ ರಂಗವೇರಿ ಊರಿಗೆ ಊರನ್ನೇ ಗೆದ್ದಿತು. ಇಂಥವರ ಮುಖ ಫೋನೊಸೆನ್‌ನಲ್ಲಿ ಕಾಣದು, ಕೈಗುಣ ಮಾತ್ರ ಕೇಳುತ್ತದೆ.

ಫ್ರಾನ್ಸಿನಲ್ಲಿ ಹಾಡು ಕಟ್ಟುವವರು ತಮ್ಮ ಹಕ್ಕನ್ನು ಜಗಳವಾಡಿಯೇ ಪಡೆದಿದ್ದರು. 1847ರಲ್ಲಿ ಎರ್ನೆಸ್ತ್ ಬೂರ್ಜೆ ಎಂಬ ಗೀತಕಾರ ಪ್ಯಾರಿಸಿನ ಒಂದು ಕೆಫೆಯಲ್ಲಿ ಗೆಳೆಯರೊಂದಿಗೆ ಕೂತಿದ್ದಾಗ ತನ್ನದೇ ಹಾಡು ಕಿವಿಗೆ ಬಿತ್ತು. ಹಾಡು ನಿಮಗೆ ಪುಕ್ಕಟೆಯಾದರೆ ಸಕ್ಕರೆ ನೀರು ನಮಗೂ ಪುಕ್ಕಟೆ ಎಂದು ಹಣ ಕೊಡದೆ ಕೂತರು. ಮೊಕದ್ದಮೆ ನಡೆಯಿತು, ಬೂರ್ಜೆ ಗೆದ್ದರು. 1851ರಲ್ಲಿ ಗೀತಕಾರರ, ಸಂಗೀತಕಾರರ ಸಂಘ 'ಸಾಸೆಮ್' ಹುಟ್ಟಿತು. ಇಂದಿಗೂ ಅದು ರಾಯಲ್ಟಿ ವಸೂಲು ಮಾಡಿ ಹಂಚುತ್ತದೆ.

1907ರಲ್ಲಿ ಆಲಿಸ್ ಗೀ ಅಮೆರಿಕಕ್ಕೆ ಹೋದರು. ಒಂದು ದಶಕದೊಳಗೆ ಫೋನೊಸೆನ್ ಮರೆಯಾಯಿತು. ಮಾಯೋಲ್‌ನ ಕೆಲವು ಹಾಡುಗಳು ಉಳಿದಿವೆ. ಗೋಮೋಂ ಕಂಪನಿ ಅವನ್ನು ಡಿವಿಡಿಯಲ್ಲೂ ತಂದಿದೆ. ಸಿಕ್ಕರೆ ಬಿಡದೆ ನೋಡಿ. ನೋಡುವ ಮುನ್ನ ಹಾಡು ಕಟ್ಟಿದವರ ಹೆಸರನ್ನೊಮ್ಮೆ ಓದಿಕೊಳ್ಳಿ.