ಸಂಕೋಚದ ಹುಡುಗನಿಗೊಂದು ಟಿಪ್ಪಣಿ ಪುಸ್ತಕ

ಇತಿಹಾಸದ ತರಗತಿಯಲ್ಲಿ ಕೊನೆಯ ಬೆಂಚನ್ನೇ ಹುಡುಕಿ ಕುಳಿತುಕೊಳ್ಳುವ ವಿದ್ಯಾರ್ಥಿಗಳುಂಟು. ಅಧ್ಯಾಪಕರ ಪ್ರಶ್ನೆಗೆ ಉತ್ತರ ತಿಳಿದಿದ್ದರೂ ಅವರಿಗೆ ನಾಲಿಗೆ ಏಳದು. ಚರ್ಚಾಸ್ಪರ್ಧೆಯ ಹೆಸರೆತ್ತಿದರೆ ಅಂಗೈ ಬೆವರುತ್ತದೆ. "ಬಾಯಿಲ್ಲದವನು ಮುಂದೆ ಹೇಗೆ ಬಾಳಿಯಾನು?" ಎಂದು ಮನೆಯವರಿಗೆ ಕಳವಳ. ಆದರೆ ಬಾಯಿ ಮುಂದಾಗದವರಿಗೆ ಕಣ್ಣು ಚುರುಕಾಗಿರುವುದುಂಟು. ಅಂಥವನ ಕೈಗೆ ಒಂದು ನೋಟ್‌ಬುಕ್ಕನ್ನು ಕೊಟ್ಟು ಹಾಸನ ಜಿಲ್ಲೆಯ ಮೂರು ಊರುಗಳಿಗೆ ಕಳುಹಿಸಿ ನೋಡಬೇಕು.

ಮೊದಲನೆಯದು ಅರಸೀಕೆರೆ. ರೈಲು ಬದಲಾಯಿಸುವವರಿಗೂ ತೆಂಗಿನಕಾಯಿಯ ವರ್ತಕರಿಗೂ ಚಿರಪರಿಚಿತವಾದ ಈ ಊರಿನಲ್ಲಿ 1220ರ ಕಾಲದ ಈಶ್ವರ ದೇವಾಲಯವೊಂದಿದೆ. ಅದರ ಮುಂದಣ ತೆರೆದ ಮಂಟಪ ನಕ್ಷತ್ರಾಕಾರದ್ದು. 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳು ಬೇಲೂರು, ಹಳೇಬೀಡು, ಸೋಮನಾಥಪುರಗಳವು. ಅರಸೀಕೆರೆ ಆ ಪಟ್ಟಿಯಲ್ಲಿಲ್ಲ. ಸಂಕೋಚದ ಹುಡುಗನಿಗೆ ಇದೇ ಅನುಕೂಲ. ಇಲ್ಲಿ ಬೇಲೂರಿನ ನೂಕುನುಗ್ಗಲಿಲ್ಲ. ಮಂಟಪದ ಕಂಬಗಳನ್ನು ಎರಡೆರಡು ಸಲ ಎಣಿಸಿದರೂ ನಗುವವರಿಲ್ಲ. ನೋಟ್‌ಬುಕ್ಕಿನ ಮೊದಲ ಪುಟ ಇಲ್ಲಿಯೇ ತುಂಬಲಿ.

ಬೇಲೂರಿನಲ್ಲಿ ಪರೀಕ್ಷೆ ಕಠಿನವಾಗುತ್ತದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯನ್ನು ನೋಡಲು ಬಂದವರೆಲ್ಲ ಕೇಳುವುದು ಜಕಣಾಚಾರಿಯ ಕಥೆಯನ್ನು: ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಮಗ ಡಂಕಣಾಚಾರಿ ತೋರಿಸಿದುದು, ಒಳಗಿನಿಂದ ಕಪ್ಪೆ ಹೊರಬಂದುದು, ತಂದೆ ತನ್ನ ಕೈಯನ್ನೇ ಕತ್ತರಿಸಿಕೊಂಡುದು. ಕಥೆ ಸೊಗಸಾಗಿದೆ. ಆದರೆ ಸೂರಿನಡಿಯ ಮದನಿಕೆಗಳ ಪೀಠಗಳಲ್ಲಿ ಕೆತ್ತಿರುವ ಹೆಸರುಗಳು ಬೇರೆ. ಅವರಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮುಖ್ಯರು. ತಂದೆಯ ಹೆಸರು ನಾಲ್ಕು ಮದನಿಕೆಗಳ ಮೇಲೆ, ಮಗನದು ಐದರ ಮೇಲೆ. ಅವರಿಗೇನೂ ಸಂಕೋಚವಿರಲಿಲ್ಲ, ಬಿರುದುಗಳನ್ನೂ ಸೇರಿಸಿಯೇ ಕೆತ್ತಿಕೊಂಡಿದ್ದಾರೆ!

ಗುಂಪಿನ ನಡುವೆ ನಿಂತು "ಕಥೆ ಬೇರೆ, ಶಾಸನ ಬೇರೆ" ಎನ್ನುವ ಧೈರ್ಯ ನಮ್ಮ ಹುಡುಗನಿಗೆ ಬಾರದು. ಬಾರದಿದ್ದರೆ ಬೇಡ. ಆದರೆ ಅದನ್ನು ಬರೆಯದೆಯೂ ಬಿಟ್ಟರೆ, ಇದ್ದ ಶಿಲ್ಪಿಗಳು ಮರೆತುಹೋಗಿ ಕಥೆಯ ಶಿಲ್ಪಿಯೊಬ್ಬನೇ ಉಳಿಯುತ್ತಾನೆ. ಆದುದರಿಂದ ಪುಟವನ್ನು ಮೂರು ಭಾಗ ಮಾಡಿಕೊಳ್ಳಲಿ: ಕಂಡದ್ದು, ಕೇಳಿದ್ದು, ಓದಿದ್ದು. ಜಕಣಾಚಾರಿ ಕೇಳಿದ್ದರಲ್ಲಿ ಇರಲಿ, ಅವನನ್ನು ಹೊರದೂಡಬೇಕಾಗಿಲ್ಲ. ದಾಸೋಜ, ಚಾವಣರು ಕಂಡದ್ದರಲ್ಲಿ ಬರಲಿ.

ಆ ಹಳೆಯ ಲಿಪಿ ಮೊದಲ ನೋಟಕ್ಕೆ ಒಲಿಯುವುದಿಲ್ಲ. ಅದಕ್ಕೆ ಹಿರಿಯರ ನೆರವುಂಟು. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. ಅವರ ತರುವಾಯ 1906ರಿಂದ 1922ರವರೆಗೆ ಮೈಸೂರಿನ ಪುರಾತತ್ವ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರು ಬೇಲೂರಿನ ಕೇಶವ ದೇವಾಲಯದ ಮೇಲೆ 1919ರಲ್ಲಿ ಒಂದು ಪುಸ್ತಕವನ್ನೇ ಬರೆದರು. ತಾನು ಓದಿದ ಅಕ್ಷರವನ್ನು ಇವರ ಓದಿನೊಡನೆ ಹೋಲಿಸಿ, ತಪ್ಪನ್ನು ಅಳಿಸದೆ ಪಕ್ಕದಲ್ಲಿಯೇ ತಿದ್ದಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿಲೋಮೀಟರು. ದೋರಸಮುದ್ರವೆಂದು ಮೆರೆದು, 1311ರಲ್ಲಿ ಮಲಿಕ್ ಕಾಫರನ ದಂಡಿಗೆ ಸಿಕ್ಕ ರಾಜಧಾನಿಯಿದು. ಹೊಯ್ಸಳೇಶ್ವರನ ಗುಡಿಗೆ ಇಂದು ಶಿಖರವಿಲ್ಲ. ಏಕಿಲ್ಲವೆಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. "ಶಿಖರವಿಲ್ಲ" ಎಂಬುದು ಕಂಡದ್ದು, ಮಿಕ್ಕುದೆಲ್ಲ ವಿಚಾರಿಸಬೇಕಾದುದು. ಇಷ್ಟು ವಿವೇಕ ಬಂದವನು ಅರ್ಧ ಇತಿಹಾಸಕಾರನಾದಂತೆಯೇ.

ಊರಿಗೆ ಮರಳಿದ ಮೇಲೆ ಆ ಪುಸ್ತಕವನ್ನು ಪೆಟ್ಟಿಗೆಯಲ್ಲಿ ಬಚ್ಚಿಡಬಾರದು. ಅಕ್ಕನಿಗೋ ನೆಚ್ಚಿನ ಗೆಳೆಯನಿಗೋ ಮೊದಲು ತೋರಿಸಲಿ; ಆಮೇಲೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಡಲಿ. ಕೊನೆಯಲ್ಲಿ ಪೂರ್ತಿ ಹೆಸರನ್ನು ಬರೆಯಲಿ. ಹೆಸರು ಹಾಕಿದವನು ತಪ್ಪಿಗೂ ಹೊಣೆ ಹೊತ್ತಂತೆ. ಆ ಹೊಣೆಯೇ ಸಂಕೋಚಕ್ಕೆ ಮದ್ದು.

ದಾಸೋಜನ ದನಿ ಹೇಗಿತ್ತೆಂದು ಬಲ್ಲವರಿಲ್ಲ. ಒಂಬತ್ತು ಶತಮಾನಗಳಾದರೂ ಅವನ ಹೆಸರು ಮಾತ್ರ ಪೀಠದ ಮೇಲಿದೆ, ಕತ್ತೆತ್ತಿ ಓದುವವರಿಗಾಗಿ.