ಹಿಮದ ಹೊಲದಲ್ಲಿ ಮೆಕ್ಕೆಜೋಳದ ಒಕ್ಕಣೆ

ಕೆನಡಾದ ಗಡಿಗೆ ಹೊಂದಿಕೊಂಡಿರುವ ಅಮೆರಿಕದ ಉತ್ತರ ಡಕೋಟ ರಾಜ್ಯದಲ್ಲಿ ಮೆಕ್ಕೆಜೋಳದ ಕಟಾವು ಶರತ್ಕಾಲದಲ್ಲಿಯೇ ಮುಗಿಯತಕ್ಕದ್ದು. ಆದರೆ ಬಿತ್ತನೆ ತಡವಾಗಿ, ಮಳೆ ಬಿಡದೆ ಹಿಡಿದ ವರ್ಷಗಳಲ್ಲಿ, ಕಾಳು ಒಣಗುವ ಮುನ್ನವೇ ಹಿಮ ಬಂದಿಳಿಯುತ್ತದೆ. 2019ರಲ್ಲಿ ಆದದ್ದು ಹೀಗೆಯೇ: ಡಿಸೆಂಬರಿನ ಮೊದಲ ವಾರ ಕಳೆದರೂ ಆ ರಾಜ್ಯದ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಹೊಲದಲ್ಲಿಯೇ ನಿಂತಿತ್ತು. ಅಂಥ ಹೊಲಕ್ಕೆ ಕಂಬೈನ್ ಯಂತ್ರವನ್ನಿಳಿಸುವ ರೈತನು ಬಿಸಿಲಿಗಿಂತ ಹೆಚ್ಚಾಗಿ ಕಡುಚಳಿಯನ್ನೇ ಹಾರೈಸುತ್ತಾನೆ. ಕಾರಣವನ್ನರಿಯಬೇಕಾದರೆ ಯಂತ್ರದ ಒಳಹೊಕ್ಕು ನೋಡಬೇಕು.

ಯಂತ್ರದ ಚೂಪಾದ ಮೂತಿಗಳು ಸಾಲುಗಳ ನಡುವೆ ನುಗ್ಗುತ್ತಿರಲು, ಜೋಡಿಜೋಡಿಯಾಗಿ ತಿರುಗುವ ಉರುಳೆಗಳು ದಂಟನ್ನು ರಭಸದಿಂದ ಕೆಳಕ್ಕೆಳೆಯುತ್ತವೆ. ದಂಟಷ್ಟೇ ತೂರಿಹೋಗುವ ಸಂದಿಯುಳ್ಳ ತಗಡುಗಳಿಗೆ ತಗುಲಿದ ತೆನೆ ಮುರಿದು ಮೇಲುಳಿಯುತ್ತದೆ. ಒಳಗೆ ಸಾಗಿದ ತೆನೆ, ತಿರುಗುವ ರೋಟರಿಗೂ ಅದರ ಕೆಳಗಿನ ಕಬ್ಬಿಣದ ಜಾಲಂಧ್ರಕ್ಕೂ ನಡುವೆ ಉಜ್ಜಲ್ಪಟ್ಟು ಕಾಳು ಬಿಡುತ್ತದೆ. ಬಳಿಕ ಕಾಳು, ಹೊಟ್ಟು, ದಿಂಡಿನ ಚೂರುಗಳೆಲ್ಲ ಅಲುಗುವ ಜರಡಿಗಳ ಮೇಲೆ ಬೀಳುತ್ತವೆ. ನಮ್ಮ ಕಣಗಳಲ್ಲಿ ರಾಶಿಯನ್ನು ಗಾಳಿಗೆ ತೂರುವಂತೆ, ಇಲ್ಲಿ ಫ್ಯಾನಿನ ಗಾಳಿ ಹೊಟ್ಟನ್ನು ಹಿಂದಕ್ಕೆ ಹಾರಿಸಿಬಿಡುತ್ತದೆ.

ಸಂಕಟವೆಲ್ಲ ಈ ಜರಡಿಯಲ್ಲಿದೆ. ಉಷ್ಣತೆ ಶೂನ್ಯದ ಆಸುಪಾಸಿನಲ್ಲಿರುವಾಗ ತೆನೆಯ ಸಿಪ್ಪೆಗಂಟಿ ಒಳಬಂದ ಹಿಮವು ಘರ್ಷಣೆಯ ಕಾವಿಗೆ ಕರಗಿ, ನುಣ್ಣನೆಯ ಹೊಟ್ಟಿನೊಡನೆ ಬೆರೆತು ಜರಡಿಗೆ ಮೆತ್ತಿಕೊಳ್ಳುತ್ತದೆ; ತಣ್ಣನೆಯ ಗಾಳಿ ತಾಗಿ ಅದು ಮತ್ತೆ ಹೆಪ್ಪುಗಟ್ಟಿದರೆ ರಂಧ್ರಗಳು ಮುಚ್ಚಿಹೋಗಿ, ಒಳ್ಳೆಯ ಕಾಳೂ ಹೊಟ್ಟಿನೊಡನೆ ಹಿಂದಿನಿಂದ ನೆಲಕ್ಕೆ ಸುರಿಯುತ್ತದೆ. ಶೂನ್ಯಕ್ಕಿಂತ 8–10 ಡಿಗ್ರಿ ಸೆಲ್ಸಿಯಸ್ ಕೆಳಗಾದರೋ ಹಿಮವು ಒಣಪುಡಿಯಾಗಿರುತ್ತದೆ. ಒಂದು ಗ್ರಾಂ ಹಿಮ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಇಂಥ ಕಡುಚಳಿಯಲ್ಲಿ ಯಂತ್ರದೊಳಗಿನ ಕೆಲವೇ ಕ್ಷಣಗಳ ಪಯಣದಲ್ಲಿ ಅಷ್ಟು ಶಾಖ ಒದಗದ ಕಾರಣ, ಹಿಮದ ಬಹುಭಾಗ ಹೊಟ್ಟಿನಂತೆಯೇ ಹಾರಿಹೋಗುತ್ತದೆ. ಆದುದರಿಂದ ಗಾಳಿ ಬೀಸಿ ದಂಟುಗಳ ಮೇಲಣ ಹಿಮವನ್ನುದುರಿಸುವವರೆಗೆ ಕಾದು, ರಾತ್ರಿಯ ಅಥವಾ ಮುಂಜಾವದ ಚಳಿಯಲ್ಲಿ ಯಂತ್ರವನ್ನು ನಡೆಸಿ, ಬಿಸಿಲೇರಿದೊಡನೆ ನಿಲ್ಲಿಸುವುದೇ ಜಾಣತನ. ಕೆಸರಿನಲ್ಲಿ ಹೂತುಹೋಗಬಹುದಾಗಿದ್ದ ಹಲವು ಟನ್ನಿನ ಯಂತ್ರವನ್ನು ಹೆಪ್ಪುಗಟ್ಟಿದ ನೆಲ ಹೊತ್ತು ನಿಲ್ಲುವುದು ಈ ಚಳಿಯ ಇನ್ನೊಂದು ಉಪಕಾರ.

ಆದರೆ ಚಳಿ ಕಾಳನ್ನು ಒಣಗಿಸಲಾರದು. ದೀರ್ಘಕಾಲ ಕೆಡದಿರಲು ಕಾಳಿನ ತೇವಾಂಶ ಶೇಕಡಾ 14ರ ಆಸುಪಾಸಿಗೆ ಇಳಿಯಬೇಕು. ದಂಟಿನ ಮೇಲಿರುವ ಕಾಳು ಚಳಿಗಾಲದಲ್ಲಿ ಬಲು ನಿಧಾನವಾಗಿ ಒಣಗುವುದರಿಂದ, ಪ್ರೊಪೇನ್ ಉರಿಸಿ ಕಾಳನ್ನು ಒಣಗಿಸುವ ಯಂತ್ರಗಳ ಖರ್ಚು ರೈತನಿಗೆ ತಪ್ಪಿದ್ದಲ್ಲ. ಒಣಗಿಸಲು ಕೂಡಲೇ ಅನುವಾಗದಿದ್ದರೆ, ಒದ್ದೆ ಕಾಳನ್ನು ಕಣಜದಲ್ಲಿ ಗಾಳಿಯೂಡಿ ಶೀತಲವಾಗಿಟ್ಟು, ಬೂಷ್ಟು ಬೆಳೆಯದಂತೆ ಚಳಿಗಾಲವನ್ನು ಕಳೆಯಬಹುದು. ವಸಂತದ ಬಿಸುಪು ತಾಗುವ ಮುನ್ನ ಅದನ್ನು ಒಣಗಿಸಲೇಬೇಕು. ಹೊಲದಲ್ಲಿಯೇ ಬಿಟ್ಟ ಬೆಳೆಗಾದರೋ ದಂಟು ಮುರಿಯುವ, ತೆನೆ ಉದುರುವ, ಜಿಂಕೆಗಳು ಮೇಯುವ ಭಯವಿದ್ದೇ ಇದೆ. ಹೀಗೆ, ಚಳಿಯು ಕೊಡುವ ಅವಧಿಯನ್ನು ಅಳೆದು, ಅದು ತೀರುವುದರೊಳಗೆ ಕೆಲಸ ಪೂರೈಸುವ ವಿವೇಕವೇ ಇಲ್ಲಿ ಯಂತ್ರದ ಬಲಕ್ಕಿಂತ ಮಿಗಿಲಾದದ್ದು.